ಗರಿ ಕಟ್ಟಿದ ಬಂದೂಕು

ಯಾರಿಗೆ ಏನು ಕೊಟ್ಟರೂ ಉಪದೇಶಿಗಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಕೊಟ್ಟಾಯ್ತು. ಇನ್ನು ನಿಮ್ದು." ಸೀಮೆಸುಣ್ಣದ ತುಂಡಿರಲಿ, ಹಿತ್ತಲಿನ ಸೀಬೆಹಣ್ಣಿರಲಿ, ಮನೆಯಲ್ಲಿ ಇದ್ದ ಒಂದೇ ಒಂದು ಕೊಡೆಯಿರಲಿ, ಕೈ ದಾಟಿದ ಮೇಲೆ ಅದರ ಕಡೆ ತಿರುಗಿ ನೋಡುವವರಲ್ಲ. ಆ ಕೊಡೆಯನ್ನು ನಾನೊಮ್ಮೆ ಹೊಸೂರಿಗೆ ಒಯ್ದವನು ಮರೆತು ನಮ್ಮ ಮನೆಯಲ್ಲೇ ಬಿಟ್ಟು ಬಂದೆ. ಆ ಮಳೆಗಾಲವೆಲ್ಲ ಅವರು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಶಾಲೆಗೆ ಬಂದರೇ ಹೊರತು "ಮೇಷ್ಟ್ರೇ, ನನ್ನ ಕೊಡೆ" ಎನ್ನಲಿಲ್ಲ. ಕೊನೆಗೆ ನಾನೇ ತಂದುಕೊಟ್ಟಾಗ, "ಇದ್ಯಾಕೆ ತಂದ್ರಿ? ಬೇರೆ ಕೊಡೆ ತಗೊಂಡ್ರಾ?" ಎಂದು ಕೇಳಿದರು.

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಂದವನು ಅಂಚೆಟ್ಟಿ ಬಸ್ಸಿನ ಕಂಡಕ್ಟರು. ಅವನೂ ನಮ್ಮಿಬ್ಬರ ಶಿಷ್ಯನೇ. "ಉಪದೇಶಿಗಳು ಹೋಗ್ಬುಟ್ರು ಸಾ" ಎಂದಷ್ಟೇ ಹೇಳಿ, ನನ್ನ ಕೈಲಿದ್ದ ಚೀಲವನ್ನು ತಾನೇ ಇಸಿದುಕೊಂಡು ಬಸ್ಸು ಹತ್ತಿಸಿದ. ಆ ದಾರಿಯುದ್ದಕ್ಕೂ ನನಗೆ ನೆನಪಾದದ್ದು ಕೊಡೆಯಲ್ಲ, ಸೀಬೆಹಣ್ಣೂ ಅಲ್ಲ. ಬಿಳಿಯರು ಹೋದ ಮರುವರ್ಷದ ಬೇಸಿಗೆಯಲ್ಲಿ ಒಂದು ಹೊಂಗೆಮರದ ಕೆಳಗೆ ಅವರು ಕೊಡಿಸಿದ ವಸ್ತು.

ನಾನು ಹೊಸೂರು ಪೇಟೆಯವನು. ನಮ್ಮದು ಪೂಜೆ ಪುನಸ್ಕಾರದ ಮನೆ. ಟ್ರೈನಿಂಗ್ ಮುಗಿಸಿದವನಿಗೆ ಮೊದಲು ಸಿಕ್ಕ ಕೆಲಸ ಅಂಚೆಟ್ಟಿ ದಾರಿಯ ಒಂದು ಗುಡ್ಡದೂರಿನ ಮಿಷನ್ ಶಾಲೆಯಲ್ಲಿ. ಊರಿನವರೆಲ್ಲ ಕ್ರೈಸ್ತರು, ರಾಗಿ, ಹುರುಳಿ ಬೆಳೆದು ಬದುಕುವವರು. "ಅವರ ಮನೇಲಿ ನೀರು ಮುಟ್ಟಬೇಡ ಕಣೋ" ಎಂದು ನನ್ನಜ್ಜಿ ಎಚ್ಚರಿಕೆ ಹೇಳಿ ಕಳಿಸಿದ್ದಳು. ಹೋದ ದಿನವೇ ಉಪದೇಶಿಗಳ ಮನೆಯಲ್ಲಿ ಮುದ್ದೆ ಉಂಡೆ. ಅಜ್ಜಿಗೆ ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಉಪದೇಶಿ ಎಂದರೆ ಪಾದ್ರಿಯಲ್ಲ. ಪಾದ್ರಿಗಳನ್ನು ಅಲ್ಲಿ ಸ್ವಾಮಿಗಳು ಎನ್ನುತ್ತಾರೆ. ಅವರು ಬಿಳಿಯರು, ವಯಸ್ಸಾದವರು, ಕೃಷ್ಣಗಿರಿ ಕಡೆಯಿಂದ ತಿಂಗಳಿಗೊಮ್ಮೆ ಕುದುರೆಯ ಮೇಲೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಧರ್ಮ ಕಲಿಸುವುದು, ಸತ್ತವರನ್ನು ಮಣ್ಣು ಮಾಡುವುದು ಉಪದೇಶಿಯ ಪಾಲು. ಹಗಲು ಹೊತ್ತು ಶಾಲೆಗೆ ಹೆಡ್ ಮೇಷ್ಟ್ರೂ ಅವರೇ. ಕುಳ್ಳ ಆಳು. ಪಂಚೆಯ ಮೇಲೆ ಕರಿ ಕೋಟು. ಕೋಟಿನ ಒಂದೇ ಜೇಬಿನಲ್ಲಿ ಸೀಮೆಸುಣ್ಣ, ಜಪಸರ ಎರಡೂ ಇರುತ್ತಿದ್ದುದರಿಂದ ಜಪಸರದ ಕರಿಮಣಿಗಳು ಸದಾ ಬೂದಿ ಬಳಿದಂತಿದ್ದವು. ಲೆಕ್ಕ ಮಾಡುವಾಗ ತಮಿಳು, ಬೈಯುವಾಗ ತೆಲುಗು, ಜಪಕ್ಕೆ ಕನ್ನಡ. "ದೇವ್ರಿಗೆ ಮೂರೂ ಬತ್ತವೆ, ಆದ್ರೆ ತೆಲುಗಿನಾಗೆ ಬೈಸ್ಕಂಡ್ ಬೈಸ್ಕಂಡ್ ಹುಡುಗ್ರು ಕೆಟ್ಟವ್ರೆ" ಎನ್ನುತ್ತಿದ್ದರು.

ಅವರ ದೇವಾಲಯದ ಬಾಗಿಲ ಹೊರಗೆ ಒಂದು ಕಲ್ಲುಚಪ್ಪಡಿ ಇತ್ತು. ಕಾಡಿನ ಮಗ್ಗುಲ ಊರಲ್ಲವೇ, ಗಂಡಸರು ಮಚ್ಚು, ಕುಡುಗೋಲು ಇಲ್ಲದೆ ಮನೆ ಬಿಡರು. ಕಾಡುಹಂದಿ ಬಾರದಂತೆ ಹೊಲ ಕಾಯುವವರ ಹೆಗಲ ಮೇಲೆ ಮದ್ದು ತುಂಬಿದ ನಾಡಬಂದೂಕು. ಇವನ್ನೆಲ್ಲ ಚಪ್ಪಡಿಯ ಮೇಲಿಟ್ಟು, ತೀರ್ಥ ಮುಟ್ಟಿಕೊಂಡು ಒಳಗೆ ಹೋಗಬೇಕು. ಆ ನೇಮವನ್ನು ಯಾವ ಕಾಲದಲ್ಲಿ ಯಾರು ಮಾಡಿದರೋ, ಕಾಯುತ್ತಿದ್ದವರು ಉಪದೇಶಿಗಳು. ಜಪದ ನಡುವೆ ಯಾರಾದರೂ ಹೊರಗಿಟ್ಟ ವಸ್ತುವಿನ ಕಡೆ ಕತ್ತು ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಿ, "ಯಾಕಪ್ಪಾ, ದೇವ್ರು ಆ ಕಡೆ ಅವ್ನಾ?" ಎಂದು ಕೇಳಿಬಿಡುತ್ತಿದ್ದರು.

ಹಾಗೆ ಹೆಚ್ಚಾಗಿ ಕೇಳಿಸಿಕೊಂಡವನು ಅವರ ಒಬ್ಬನೇ ಮಗ. ಬರ್ಮಾ ಕಡೆ ಯುದ್ಧಕ್ಕೆ ಹೋಗಿ ಬಂದವನು. ಎತ್ತರದ ಆಳು, ಮಾತು ಕಡಿಮೆ. ಬೆನ್ನಿಗೆ ಗೋಡೆ ಇಲ್ಲದ ಕಡೆ ಕೂರುತ್ತಿರಲಿಲ್ಲ. ಹಂದಿ ಕಾಯಲು ಅಪ್ಪನಿಗಿದ್ದ ನಾಡಬಂದೂಕು ಅವನು ಬಂದ ಮೇಲೆ ಅವನದಾಯಿತು. ಜಪದಲ್ಲಿ ಮೊಣಕಾಲೂರಿದವನು ಗಳಿಗೆಗೊಮ್ಮೆ ಹಿಂದಿರುಗಿ ಚಪ್ಪಡಿಯ ಮೇಲಿನ ಅದನ್ನು ನೋಡುತ್ತಿದ್ದ.

ಆ ವರ್ಷ ಗಾಳಿಯಲ್ಲೇ ಏನೋ ಇತ್ತು. ಉತ್ತರದ ಕಡೆಯಿಂದ ಕಡಿದಾಟದ ಸುದ್ದಿ ಬರುತ್ತಿತ್ತು. ಹೊಸೂರಿನಲ್ಲಿ ನಮ್ಮ ಬೀದಿಯ ಹುಡುಗರೇ ಲಾಠಿ ಹಿಡಿದು ಸಾಲುಗಟ್ಟಿ ನಡೆಯುವುದನ್ನು ಕಲಿಯುತ್ತಿದ್ದರು. ಮಾಸಿ, ಅಂದರೆ ಮಾಘಮಾಸಕ್ಕೆ ಹಿಂದೆಮುಂದೆ ಒಂದು ಬೆಳಿಗ್ಗೆ ನೋಡಿದರೆ ನಮ್ಮ ಗುಡ್ಡದ ನೆತ್ತಿಯ ಮರದ ಶಿಲುಬೆ ಒಂದು ತೋಳು ಮುರಿದು ನೆಲಕ್ಕೆ ಬಿದ್ದಿತ್ತು.

"ಆನೆ ಮೈ ಉಜ್ಜೈತೆ" ಎಂದರು ಉಪದೇಶಿಗಳು. ಲದ್ದಿಯೂ ಅಲ್ಲೇ ಬಿದ್ದಿತ್ತು.

"ಕಾಡಿನ ತುಂಬ ಮರ ಬಿಟ್ಟು ಆನೆ ಶಿಲುಬೇನೇ ಹುಡುಕ್ಕಂಡ್ ಬತ್ತಾ?" ಎಂದ ಮಗ. "ಮೇಲೂರೋರ ಕೆಲ್ಸ ಇದು. ಬಿಳಿಯರು ಹೋದ್ರು, ನೀವ್ಯಾವಾಗ ಹೋಗ್ತೀರಾ ಅಂತ ಸಂತೇಲಿ ನನ್ನ ಮುಖಕ್ಕೇ ಕೇಳವ್ರೆ."

ಮೇಲೂರು ಎಂದರೆ ಕೂಗಳತೆಯ ಪಕ್ಕದ ಊರು. ಒಕ್ಕಲಿಗರ ಊರು. ಮರುವಾರ ಆ ಊರಿನ ಒಂದು ಹುಲ್ಲಿನ ಬಣವೆ ಉರಿದುಹೋಯಿತು. ಬೀಡಿಯ ಕಿಡಿಯೋ ಬೇಕೆಂದು ಇಟ್ಟ ಕೊಳ್ಳಿಯೋ ದೇವರೇ ಬಲ್ಲ. ಅಲ್ಲಿಂದಾಚೆ ಎರಡೂರಿನ ದನಗಳು ಒಂದೇ ಕೆರೆಯಲ್ಲಿ ನೀರು ಕುಡಿದವು, ಕಾಯುವವರು ಮಾತ್ರ ಬೇರೆಬೇರೆ ದಡದಲ್ಲಿ ನಿಂತರು.

ಒಂದು ಸಂಜೆ ಮಗನೂ ಅವನ ನಾಲ್ವರು ಗೆಳೆಯರೂ ಶಾಲೆಯ ಜಗಲಿಗೆ ಬಂದರು. ನಾನು ಕರಿಹಲಗೆ ಒರೆಸುತ್ತಿದ್ದೆ. "ನಾವೊಂದು ಪಡೆ ಕಟ್ಟೀವಿ. ಶಿಲುಬೆ ಪಡೆ ಅಂತ ಹೆಸ್ರು. ಬಂದೂಕುಗಳ್ನ ಪೀಠದ ಮುಂದಿಟ್ಟು ನೀನು ತೀರ್ಥ ಚಿಮುಕಿಸ್ಬೇಕು" ಎಂದ ಮಗ.

ಉಪದೇಶಿಗಳು ಕೋಟಿನ ಜೇಬಿನಿಂದ ಜಪಸರ ತೆಗೆದು ಅದರ ಸುಣ್ಣ ಒರೆಸತೊಡಗಿದರು. "ಯಾರ್ನ ಕಾಯಾಕ್ಲಾ ಪಡೆ?"

"ಯೇಸುಸ್ವಾಮೀನ. ದೇವಾಲಯಾನ. ಇನ್ಯಾರ್ನ?"

"ಹೊಲ ಕಾಯಾಕೆ ಬಂದೂಕು ಇಟ್ಕೋ, ಬೇಡ ಅಂದೆನಾ? ಮನೇಗೆ ಕಳ್ಳ ನುಗ್ಗಿದ್ರೆ ಓಡ್ಸು. ಯೇಸುಸ್ವಾಮೀನ ಕಾಯ್ತೀನಿ ಅಂತ ಹೊರಡಬ್ಯಾಡ. ಹಂಗೆ ಹೊರಟ ಮೊದಲ್ನೇವ್ನು ರಾಯಪ್ಪ." ರಾಯಪ್ಪನೆಂದರೆ ಅವರ ಮಾತಿನಲ್ಲಿ ಸಂತ ಪೇತ್ರ. "ಆತ ಕತ್ತಿ ಬೀಸಿದ್ದಕ್ಕೆ ಏನಾಯ್ತು? ಸ್ವಾಮೀನ ಹಿಡ್ಯಾಕೆ ಬಂದಿದ್ದ ಸೈನ್ಯ ಸತ್ತೋಯ್ತಾ? ಯಾವ್ನೋ ಕೂಲಿ ಆಳಿನ ಕಿವಿ ಹೋಯ್ತು. ಸ್ವಾಮಿ ತಾನು ಸಾಯಾಕೆ ಹೊಂಟಿರೋ ಹೊತ್ನಾಗೂ ನಿಂತು ಆ ಕಿವೀನ ವಾಸಿ ಮಾಡಬೇಕಾಯ್ತು. ಕಾಯಾಕ್ ಹೋದೋನು ಮಾಡಿದ ಉಪಕಾರ ಇಷ್ಟೇ."

ಗೆಳೆಯರಲ್ಲಿ ಒಬ್ಬ ನಕ್ಕ. ಮಗ ನಗಲಿಲ್ಲ. "ಸ್ವಾಮೀನೇ ಚಾಟಿ ತಗೊಂಡು ದೇವಾಲಯದಾಗಿನ ವ್ಯಾಪಾರಸ್ಥರ್ನ ಓಡಿಸ್ಲಿಲ್ವಾ?"

"ಓಡಿಸಿದ. ತನ್ನ ಮನೆಯೋರ್ನ, ತನ್ನ ಮನೆಯಿಂದ. ಪಕ್ಕದೂರಿನೋರ ಮ್ಯಾಲೆ ಚಾಟಿ ಎತ್ತಿದ್ದು ನಂಗೊತ್ತಿಲ್ಲ."

"ಸರಿ ಅಪ್ಪಾ, ಇದೊಂದ್ ಹೇಳು." ಅವನ ದನಿ ತಗ್ಗಿತು. "ಬರ್ಮಾದಾಗೆ ನಮ್ ಕೈಗೆ ಬಂದೂಕು ಕೊಟ್ಟು ಸಾಲಾಗಿ ನಿಲ್ಸಿ, ಪಾದ್ರಿ ಬಂದು ಆಶೀರ್ವಾದ ಮಾಡಿದ್ರು. ನಾನು ಕೊಂದೋರು ಯಾರು ಅಂತ ಕೂಡ ನಂಗೆ ಗೊತ್ತಿಲ್ಲ. ಅವತ್ತು ತಪ್ಪಿಲ್ಲ, ಇವತ್ತು ತಪ್ಪಾ?"

ಉಪದೇಶಿಗಳು ಕೊನೆಯ ಮಣಿಯನ್ನೂ ಒರೆಸಿದರು. ಆಮೇಲೆ, "ಬರ್ಮಾದ್ದು ನಂಗೊತ್ತಿಲ್ಲ ಮಗಾ. ಆ ಪಾದ್ರಿಗಳ್ನ ನಾನು ಕಂಡಿಲ್ಲ" ಎಂದರು. "ಇಲ್ಲೀದು ಗೊತ್ತು. ನಿನ್ ಬಂದೂಕಿಗೆ ನಿನ್ ಹೆಸ್ರಿಡು. ನಾಳೆ ಅದ್ರಿಂದ ಏನಾದ್ರೂ ಆದ್ರೆ ಆ ಪಾಪ ನಿಂದಾಗ್ಲಿ. ಶಿಲುಬೆ ಹೆಸ್ರಿಟ್ಟು ಆತನ ತಲೆಗೆ ಕಟ್ಟಬ್ಯಾಡ. ತೀರ್ಥ ನಾನ್ ಹಾಕಾಕಿಲ್ಲ."

"ಹಾಕದಿದ್ರೆ ಬಿಡು" ಎಂದು ಮಗ ಎದ್ದು ಹೋದ.

ಇನ್ನು ಉಳಿದಿದ್ದದ್ದು ಗರಿಗಳ ಭಾನುವಾರ. ಈಸ್ಟರಿಗೆ ಹಿಂದಿನ ಭಾನುವಾರ ಅವರೆಲ್ಲ ಈಚಲಗರಿ ಹಿಡಿದು ಹಾಡುತ್ತ ಮೆರವಣಿಗೆ ಹೋಗುತ್ತಾರೆ. ಆ ಊರಿನಲ್ಲಿ ಇದಕ್ಕೊಂದು ಬಾಲವಿತ್ತು. ಮೆರವಣಿಗೆ ಎರಡೂರಿನ ಗಡಿಯ ಹೊಂಗೆಮರದವರೆಗೆ ಹೋಗುತ್ತಿತ್ತು. ಅಲ್ಲಿ ಮೇಲೂರಿನವರು ಮಜ್ಜಿಗೆಯ ಕೊಡಗಳನ್ನಿಟ್ಟುಕೊಂಡು ಕಾದಿರುತ್ತಿದ್ದರು. ಗರಿ ಹಿಡಿದ ಪ್ರತಿಯೊಬ್ಬರೂ ಎದುರಿಗೆ ನಿಂತವರಿಗೆ ತಮ್ಮ ಗರಿಯನ್ನು ಕೊಡಬೇಕು. ಅವರು ಮಜ್ಜಿಗೆ ಕೊಡಬೇಕು. ಆ ಗರಿಯನ್ನು ಮೇಲೂರಿನವರು ಒಯ್ದು ಮನೆಯ ಸೂರಿಗೆ ಸಿಕ್ಕಿಸುತ್ತಿದ್ದರು. ಸಿಡಿಲು ಬಡಿಯುವುದಿಲ್ಲವೆಂದು ನಂಬಿಕೆ. ಮೇಲೂರಿನ ಗೌಡರಿಗೆ ಮೊದಲ ಗರಿ ಕೊಡುವವರು ಉಪದೇಶಿಗಳು. ಗೌಡರು ಅವರಿಗಿಂತ ಹಿರಿಯರು, ದಪ್ಪ ಮೀಸೆ, ತಮ್ಮ ಕಾಲದಲ್ಲಿ ಹೆಸರಾದ ಬೇಟೆಗಾರರು.

ಆ ವರ್ಷ ಹೋಗುವುದೋ ಬೇಡವೋ ಎಂಬ ಮಾತೆದ್ದಿತು. ಸ್ವಾಮಿಗಳು ಕೃಷ್ಣಗಿರಿಯಲ್ಲಿ ಜ್ವರ ಹಿಡಿದು ಮಲಗಿದ್ದರು. "ಮಜ್ಜಿಗೆ ತರ್ತೀವಿ. ಬರೋದು ಬಿಡೋದು ನಿಮಗೆ ಬಿಟ್ಟಿದ್ದು" ಎಂದು ಗೌಡರು ಹೇಳಿ ಕಳಿಸಿದ್ದರು. ಆ ಮಾತಿನಲ್ಲಿ ಕರೆಯಿತ್ತೋ ಸವಾಲಿತ್ತೋ ನನಗೆ ಇವತ್ತಿಗೂ ತಿಳಿಯದು. ಉಪದೇಶಿಗಳು, "ಹೋಗೋದೇ. ಬಂದೂಕು ಮಾತ್ರ ಒಬ್ರೂ ತರಬಾರ್ದು" ಎಂದರು. ಮಗ ಮರುಮಾತಿಲ್ಲದೆ ಒಪ್ಪಿದ. ಅಷ್ಟು ಸಲೀಸಾಗಿ ಒಪ್ಪಿದ್ದರಿಂದಲೇ ನನಗೆ ಸಮಾಧಾನವಾಗಲಿಲ್ಲ.

ಬೆಳಗಿನ ಬಿಸಿಲಿಗೆ ಮೆರವಣಿಗೆ ಹೊರಟಿತು. ಮುಂದೆ ಉಪದೇಶಿಗಳು, ಪಕ್ಕದಲ್ಲಿ ನಾನು, ಹಿಂದೆ ಗಂಡಸರು, ಕೊನೆಯಲ್ಲಿ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡ ಹೆಂಗಸರು. ಕೆರೆ ಏರಿಯ ಮೇಲೆ ಜೋರಾಗಿ ಗಾಳಿ ಬೀಸಿತು. ಎಲ್ಲರ ಗರಿಗಳೂ ಒಂದೇ ಕಡೆಗೆ ಬಾಗಿ ಮರ್ಮರ ಸದ್ದು ಮಾಡಿದವು. ಉಪದೇಶಿಗಳು ಹಾಡುತ್ತಲೇ ಒಮ್ಮೆ ಹಿಂದೆ ನೋಡಿದರು. ನಾನೂ ನೋಡಿದೆ. ಐದು ಗರಿಗಳು ಬಾಗಿರಲಿಲ್ಲ. ಬುಡದಿಂದ ತುದಿಯವರೆಗೆ ಬಾಳೆನಾರಿನಿಂದ ಬಿಗಿದು ಕಟ್ಟಿದ ದಪ್ಪ ಗರಿಗಳು. ಹಿಡಿದಿದ್ದವರು ಮಗ ಮತ್ತು ಅವನ ನಾಲ್ವರು ಗೆಳೆಯರು. ಕಂಕುಳಿಗೆ ಅವುಚಿಕೊಂಡ ಆ ರೀತಿ ನೋಡಿದರೇ ಒಳಗಿರುವುದು ಏನೆಂದು ಗೊತ್ತಾಗುತ್ತಿತ್ತು.

ಹಾಡು ನಿಲ್ಲಲಿಲ್ಲ. ಜಪಸರದ ಮೇಲೆ ಅವರ ಹೆಬ್ಬೆರಳು ಮಾತ್ರ ನಿಂತುಬಿಟ್ಟಿತು.

"ಉಪದೇಶಿಗಳೇ, ವಾಪಸ್ ತಿರುಗೋಣ" ಎಂದೆ ಮೆಲ್ಲಗೆ.

"ಇಲ್ಲಿ ತಡೆದ್ರೆ ಗರಿ ಬಿಚ್ಚಿ ಬಂದೂಕು ಕೈಗೆ ಬತ್ತದೆ ಮೇಷ್ಟ್ರೇ. ಗರಿ ಒಳಗಿರೋ ತಂಕ ಅದೂ ಗರೀನೇ. ನಡೀರಿ."

ಹೊಂಗೆಮರ ಕಾಣಿಸಿತು. ಪ್ರತಿವರ್ಷ ಮಜ್ಜಿಗೆ ತರುತ್ತಿದ್ದವರು ಮೇಲೂರಿನ ಹೆಂಗಸರು. ಆ ದಿನ ಒಬ್ಬ ಹೆಂಗಸೂ ಇರಲಿಲ್ಲ. ಕೊಡಗಳ ಹಿಂದೆ ಗಂಡಸರು ಎರಡು ಸಾಲಾಗಿ ನಿಂತಿದ್ದರು. ಮರದ ಬುಡಕ್ಕೆ ಒರಗಿಸಿದ ದೊಣ್ಣೆಗಳು. ನಮ್ಮ ಹಿಂದಿನ ಹೆಂಗಸರ ಹಾಡು ಒಂದೊಂದೇ ದನಿಯಾಗಿ ಉಡುಗಿ, ಕೊನೆಗೆ ಉಪದೇಶಿಗಳದೊಂದೇ ಒಡಕು ಗಂಟಲು ಉಳಿಯಿತು. ಅವರು ಪದ ಪೂರ್ತಿ ಮುಗಿಸಿದರು. ಮುಗಿಸಿ, ತಮ್ಮ ಕೈಯ ಗರಿಯನ್ನು ಗೌಡರ ಪಕ್ಕದಲ್ಲಿದ್ದ ಆಳಿಗೆ ಕೊಟ್ಟುಬಿಟ್ಟರು.

ಗೌಡರ ಹುಬ್ಬು ಮೇಲಕ್ಕೆದ್ದಿತು. "ಏನಪ್ಪಾ ಉಪದೇಶಿ, ಈ ಸಲ ನಂಗಿಲ್ವಾ?"

"ಐತೆ ಗೌಡ್ರೇ. ಈ ಸಲ ನನ್ ಮಗ ಕೊಡ್ತಾನೆ." ಹಿಂದಿರುಗಿ ಕರೆದರು. "ಬಾರ್ಲಾ ಮುಂದಕ್ಕೆ."

ಮಗ ಬಂದ. ಮುಖ ಕಪ್ಪಿಟ್ಟಿತ್ತು. "ಅಪ್ಪಾ, ಬ್ಯಾಡ" ಎಂದ. ಹಲ್ಲಿನ ಸಂದಿಯಿಂದ ಬಂದ ಆ ಮಾತು ಅವರಿಗೂ ನನಗೂ ಮಾತ್ರ ಕೇಳಿಸಿತು.

"ಗೌಡ್ರು ಕೈ ಒಡ್ಡವ್ರೆ. ಕೊಡ್ಲಾ."

ಗೌಡರು ಪ್ರಸಾದಕ್ಕೆ ಒಡ್ಡುವಂತೆ ಎರಡೂ ಕೈ ಚಾಚಿ ನಿಂತಿದ್ದರು. ಮಗ ಅಪ್ಪನ ಮುಖವನ್ನೊಮ್ಮೆ, ಮರದ ಬುಡದ ದೊಣ್ಣೆಗಳನ್ನೊಮ್ಮೆ ನೋಡಿದ. ಅವನ ಬಲಗೈ ಗರಿಯೊಳಕ್ಕೆ ಸರಿದದ್ದನ್ನು ನಾನು ಕಂಡೆ. ಬೆರಳು ಬಂದೂಕಿನ ಕುದುರೆಯ ಮೇಲಿತ್ತೆಂದು ಊಹಿಸಿದೆ. ಉಪದೇಶಿಗಳು ಅವನ ಮುಂದಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಅಷ್ಟೇ.

ಕೈ ಹೊರಗೆ ಬಂತು. ಮಗ ಗರಿಯನ್ನು ಗೌಡರ ಕೈಗಳ ಮೇಲಿಟ್ಟ.

ಗೌಡರ ತೋಳು ಕುಸಿದಂತಾಯಿತು. ಬೇಟೆಗಾರನ ಬೆರಳುಗಳು, ಸವರಬೇಕಾಗಲೇ ಇಲ್ಲ. ಅವರು ತಲೆಯೆತ್ತಿದ ರೀತಿ ನೋಡಿಯೇ ಹಿಂದಿನ ಸಾಲಿನವರು ದೊಣ್ಣೆಗೆ ಕೈ ಹಾಕಿದರು.

"ಬೋ ತೂಕ ಐತಲ್ಲಪ್ಪಾ ಉಪದೇಶಿ, ಈ ವರ್ಸದ ಗರಿ."

"ಹೂಂ ಗೌಡ್ರೇ. ಈ ವರ್ಸ ನಮ್ ಹೆದ್ರಿಕೆನೂ ಒಳಗಿಟ್ಟು ಕಟ್ಟವ್ರೆ ಹುಡುಗ್ರು."

"ಮದ್ದು ತುಂಬೈತಾ?"

"ತುಂಬೇ ಇರ್ತದೆ."

"ಇದು ನಂಗಾ?"

"ಕೊಟ್ಟಾಯ್ತು. ಇನ್ನು ನಿಮ್ದು."

ಗೌಡರು ಅದನ್ನು ಮೆಲ್ಲಗೆ ತಿರುಗಿಸಿದರು. ಗರಿಯ ಎಳೆಗಳ ನಡುವಿನಿಂದ ಕೊಳವೆಯ ಕಪ್ಪು ಬಾಯಿ ಇಣುಕಿ, ಸರಿಯಾಗಿ ಮಗನ ಎದೆಗೆ ನೇರವಾಗಿ ನಿಂತಿತು. ಅವನು ಕದಲಲಿಲ್ಲ. ಹಿಂದಿನಿಂದ ಯಾರೋ ಹೆಂಗಸು "ಯೇಸುವೇ" ಎಂದಳು. ನಾನು ಉಪದೇಶಿಗಳ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿರಲಿಲ್ಲ.

ಗೌಡರು ಹಿಡಿಯನ್ನು ನೆಲಕ್ಕೂರಿ, ಕೊಳವೆಯ ಬಾಯಿಯನ್ನು ಆಕಾಶಕ್ಕೆ ಮಾಡಿ, ಪಕ್ಕದವನ ಕಡೆ ಕೈ ನೀಡಿದರು. "ತಾರ್ಲಾ ಒಂದ್ ಚೊಂಬು." ಚೊಂಬು ಬಂತು. ಗರಿಗಳನ್ನು ಎರಡು ಬೆರಳಲ್ಲಿ ಬಿಡಿಸಿ ಮಜ್ಜಿಗೆಯನ್ನು ಕೊಳವೆಯೊಳಕ್ಕೆ ಸುರಿದರು. ಸಾವಕಾಶವಾಗಿ, ಹಸುಗೂಸಿಗೆ ಒಳಲೆಯಲ್ಲಿ ಹಾಲು ಹಾಕುವ ಹಾಗೆ. ತುಂಬಿ ಉಕ್ಕಿ ಕರಿಬೇವಿನ ಎಲೆಯೊಂದು ಹೊರಗೆ ತೇಲಿ ಬಂತು.

"ಬಿಸಿಲಾಗೆ ಹೊತ್ಕಂಡ್ ಬಂದವ್ರೆ. ಇದ್ಕೂ ಬಾಯಾರಿರ್ತದೆ" ಎಂದರು.

ಮೊದಲು ನಕ್ಕವನು ದೊಣ್ಣೆ ಹಿಡಿದಿದ್ದ ಒಬ್ಬ ಮುದುಕ. ತಡೆಯಲಾರದೆ ಪುಸಕ್ಕನೆ ನಕ್ಕ. ಆಮೇಲೆ ಯಾರು ಯಾರ ಕಡೆಯವರು ಎಂಬುದಿಲ್ಲದೆ ನಗು ಹಬ್ಬಿತು. ಉಳಿದ ನಾಲ್ಕು ಗರಿಗಳೂ ಬಂದವು, ಅವಕ್ಕೂ ಉಪಚಾರವಾಯಿತು. ಕೊನೆಯದಕ್ಕೆ ಮಜ್ಜಿಗೆ ಸಾಲದೆ ಕೆರೆಯ ನೀರು ಬೆರೆಸಿದರು. ಗೌಡರು ಕಟ್ಟು ಬಿಚ್ಚಿ, ಗರಿಯನ್ನು ತಾವಿಟ್ಟುಕೊಂಡು ಬಂದೂಕನ್ನು ಮಗನ ಕೈಗೆ ತುರುಕಿದರು. "ಗರಿ ನನ್ ಸೂರಿಗೆ. ಇದು ನಿನ್ ಹೊಲಕ್ಕೆ. ತಿಳೀತಾ?" ಆಮೇಲೆ ಉಪದೇಶಿಗಳಿಗೆ ಮಾತ್ರ ಕೇಳುವಂತೆ, "ಶಿಲುಬೆ ನಾನ್ ಮುಟ್ಟಿಲ್ಲ. ನಮ್ಮೋರು ಯಾರಾದ್ರೂ ಮುಟ್ಟವ್ರಾ ಅಂದ್ರೆ ಆಣೆ ಮಾಡಾಕ್ ಬರಾಕಿಲ್ಲ" ಎಂದರು.

"ಬಣವೆ ವಿಚಾರ್ದಾಗೆ ನಂಗೂ ಹಂಗೇಯ" ಎಂದರು ಇವರು.

ಮೇಲೂರಿನಿಂದ ಹೊಸ ಶಿಲುಬೆಗೆ ಒಂದು ಹೊನ್ನೆಮರದ ತೊಲೆ ಬಂತು. ಎಲ್ಲ ಸರಿಹೋಯಿತೆಂದು ಹೇಳಲಾರೆ. ದನ ಕಾಯುವವರು ಒಂದೇ ದಡಕ್ಕೆ ಬರಲು ಇನ್ನೆರಡು ಮಳೆಗಾಲ ಬೇಕಾಯಿತು. ಮಗ ಬರಲೇ ಇಲ್ಲ. ಆ ವಾರವೇ ಮನೆ ಬಿಟ್ಟು, ಅಂಚೆಟ್ಟಿಯ ಆಚೆ ಕಾಡಂಚಿನಲ್ಲಿ ಹೊಲ ಮಾಡಿಕೊಂಡು ನಿಂತ. ಅಪ್ಪನೊಂದಿಗೆ ಮಾತು ಬಿಟ್ಟ. "ಹೆತ್ತ ಮಗನ್ನ ಎತ್ತಿ ಕೊಟ್ಟುಬಿಟ್ಟ ನಮ್ಮಪ್ಪ, ಕೊಡೆ ಕೊಟ್ಟಂಗೆ" ಎಂದು ಸಂತೆಯಲ್ಲಿ ಹೇಳಿಕೊಂಡನಂತೆ.

ನನಗೂ ಅದೇ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಶಾಲೆಯಲ್ಲಿ ಇಬ್ಬರೇ ಇದ್ದಾಗ ಕೇಳಿಬಿಟ್ಟೆ. "ಗೌಡರು ಗುಂಡು ಹಾರಿಸಿಬಿಟ್ಟಿದ್ದರೆ?"

"ಹಾರಿಸಿದ್ರೆ ನನ್ ಮಗ ಸಾಯ್ತಿದ್ದ" ಎಂದರು. "ಅದು ಗೊತ್ತಿದ್ದೇ ಕೊಡು ಅಂದೆ ಮೇಷ್ಟ್ರೇ. ಅವ್ನು ಕೊಡದೆ ಇದ್ದಿದ್ರೆ ಅವ್ನ ಕೈಲಿ ಇನ್ಯಾರದೋ ಮಗ ಸಾಯ್ತಿದ್ದ. ಯಾರ ಮಗ ಅಂತ ನಾನು ಆರಿಸ್ಬೇಕಾಗಿತ್ತು." ಸೀಮೆಸುಣ್ಣವನ್ನು ಪುಡಿಯಾಗುವವರೆಗೆ ಒತ್ತುತ್ತಿದ್ದರು. "ಅವತ್ತಿಂದ ಆ ಕೊಳವೆ ಅವ್ನ ಎದೆಗೆ ನಿಂತಿದ್ದು ಕಣ್ಣಾಗೇ ಐತೆ. ಅವ್ನಿಗೆ ಹೇಳಬ್ಯಾಡಿ. ಅಪ್ಪನೂ ಅಷ್ಟು ಹೆದರಿದ್ದ ಅಂತ ಗೊತ್ತಾದ್ರೆ, ತನ್ ಹೆದ್ರಿಕೆ ಸರಿಯಾಗೇ ಇತ್ತು ಅಂತ ಮತ್ತೆ ಪಡೆ ಕಟ್ಟಾನು."

ನಾನು ಹೇಳಲಿಲ್ಲ. ವರ್ಗವಾಗಿ ಬಾಗಲೂರಿನ ಕಡೆಗೆ ಬಂದ ಮೇಲೂ ಹೇಳಲಿಲ್ಲ. ಅವರು ಕೊಟ್ಟ ಆ ಗುಟ್ಟು ಇನ್ನು ನನ್ನದಾಗಿತ್ತು.

ನಾನು ಬಸ್ಸಿಳಿದು ಹೋದಾಗ ದೇವಾಲಯದೊಳಗೆ ಪೆಟ್ಟಿಗೆ ಇಟ್ಟಿದ್ದರು. ಕೋಟು ಹಾಕಿಯೇ ಮಲಗಿಸಿದ್ದರು. ಮೇಲೂರಿನವರು ತುಂಬ ಜನ ಬಂದಿದ್ದರು. ಗೌಡರು ಹೋಗಿ ಎಷ್ಟೋ ಕಾಲವಾಗಿತ್ತು. ಅವರ ಮೊಮ್ಮಗ ಬಂದಿದ್ದ. ಉಪದೇಶಿಗಳ ಮಗ ಮಾತ್ರ ಹೊರಗೆ, ಬಾಗಿಲಿನಿಂದ ದೂರ ನಿಂತಿದ್ದ. ಆನೆ ದಾರಿಯಲ್ಲಿ ನಡೆದು ಬಂದ ಧೂಳು ಮೊಣಕಾಲಿನವರೆಗೆ. ತಲೆ ಅರ್ಧ ನರೆತಿತ್ತು. ಹೆಗಲ ಮೇಲೆ ಅದೇ ಬಂದೂಕು. "ಒಳಗೆ ಬರಾಕಿಲ್ಲ ಅಂತಾನೆ, ನೀವಾದ್ರೂ ಹೇಳಿ" ಎಂದು ಹೆಂಗಸರು ನನ್ನನ್ನು ಕಳಿಸಿದರು.

ಹತ್ತಿರ ಹೋದೆ. ಅವನೇ ಮಾತೆತ್ತಿದ. "ಗೌಡ್ರು ಒಳ್ಳೇರು, ಬದುಕ್ಕಂಡೆ. ಕೆಟ್ಟೋರಾಗಿದ್ರೆ? ಅಪ್ಪ ಅದ್ನ ಯೋಚ್ನೇನೇ ಮಾಡ್ಲಿಲ್ಲ ಮೇಷ್ಟ್ರೇ. ನನ್ ಮಗನ್ನ ನಾನಾಗಿದ್ರೆ ಕೊಡ್ತಿರ್ಲಿಲ್ಲ."

ಯಾರಿಗಾಗಿ ಆ ಗುಟ್ಟು ಕಾದಿದ್ದೆನೋ ಅವರು ಒಳಗೆ ಮಲಗಿದ್ದರು. ಶಾಲೆಯಲ್ಲಿ ಆ ಮಧ್ಯಾಹ್ನ ಕೇಳಿದ್ದನ್ನೆಲ್ಲ, ಪುಡಿಯಾದ ಸೀಮೆಸುಣ್ಣದವರೆಗೆ, ಅವನಿಗೆ ಹೇಳಿದೆ. ಅವನು ನೆಲ ನೋಡುತ್ತ ಕೇಳಿದ.

"ಹೆದರಿದ್ನಾ?" ಎಂದ.

"ಹೆದರಿದ್ದರಪ್ಪ. ತುಂಬ."

ಅವನು ಹೆಗಲಿನಿಂದ ಬಂದೂಕು ಇಳಿಸಿದ. ಚಪ್ಪಡಿಯ ಮೇಲೆ, ಕುಡುಗೋಲು ಮಚ್ಚುಗಳ ಪಕ್ಕದಲ್ಲಿ, ಅದನ್ನು ಮಲಗಿಸಿ, ತೀರ್ಥ ಮುಟ್ಟಿಕೊಂಡು ಒಳಗೆ ಹೋಗಿ ಅಪ್ಪನ ತಲೆಯ ಬಳಿ ಮೊಣಕಾಲೂರಿದ.

ನಾನು ಬಾಗಿಲಲ್ಲೇ ನಿಂತಿದ್ದೆ. ಜಪ ಬಹಳ ಹೊತ್ತು ನಡೆಯಿತು. ಅವನು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.